ಸಾಲದ ಲೆಕ್ಕ ಕಳೆದುಕೊಂಡ ಗೀಷಾ ಕಥೆ

ಆರ್ಥರ್ ಗೋಲ್ಡನ್ 1997ರಲ್ಲಿ ಪ್ರಕಟಿಸಿದ ‘ಮೆಮೊಯರ್ಸ್ ಆಫ್ ಎ ಗೀಷಾ’ ಕಾದಂಬರಿಯನ್ನು ರಾಬ್ ಮಾರ್ಷಲ್ 2005ರಲ್ಲಿ ಸಿನಿಮಾ ಮಾಡಿದರು. ಛಾಯಾಗ್ರಹಣ, ಕಲಾ ನಿರ್ದೇಶನ, ವಸ್ತ್ರವಿನ್ಯಾಸ ಈ ಮೂರಕ್ಕೂ ಅದು ಆಸ್ಕರ್ ಪಡೆಯಿತು. ಆ ಗೌರವ ಸಲ್ಲಬೇಕಾದದ್ದೇ. ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿ ನಿಲ್ಲಿಸಿದ ಕ್ಯೋಟೋದ ಗಿಯೋನ್ ಬೀದಿಗಳಲ್ಲಿ ಮರದ ಜಾಲರಿಗಳ ಹಿಂದಿನ ದೀಪ, ಒದ್ದೆ ಹೆಂಚು, ರೇಷ್ಮೆಯ ಮಡಿಕೆ ಎಲ್ಲವೂ ಕಣ್ಣು ತುಂಬುತ್ತವೆ. ಆದರೂ ಚಿತ್ರ ಮುಗಿದಾಗ ಅದರ ನಾಯಕಿಯಾದ ಹುಡುಗಿ ಯಾವ ವ್ಯವಸ್ಥೆಯೊಳಗೆ ಸಿಕ್ಕಿಬಿದ್ದಿದ್ದಳು ಎಂಬ ತಿಳಿವಳಿಕೆ ನಮಗೆ ಉಳಿಯುವುದಿಲ್ಲ. ಆಕೆ ಯಾರನ್ನು ಪ್ರೀತಿಸಿದಳು ಎಂಬುದಷ್ಟೇ ಉಳಿಯುತ್ತದೆ. ಇದಕ್ಕೆ ಕಾರಣವಾಗಿ ಸಾಮಾನ್ಯವಾಗಿ ಹೇಳುವ ಮಾತುಗಳು ನನಗೆ ಸಾಲವು. ಮೂಲ ಕಾದಂಬರಿಯಲ್ಲಿ ಗಟ್ಟಿಯಾಗಿದ್ದದ್ದು ಸಾಲದ ಲೆಕ್ಕ, ತೀರಾ ದುರ್ಬಲವಾಗಿದ್ದದ್ದು ಪ್ರೇಮಕಥೆ. ರೂಪಾಂತರದಲ್ಲಿ ಮೊದಲನೆಯದನ್ನು ಸವೆಸಿ ಎರಡನೆಯದನ್ನು ಬೆಳೆಸಲಾಯಿತು. ನಾನು ಇಂದು ವಾದಿಸಬೇಕೆಂದಿರುವುದು ಇದನ್ನೇ.

ಕಾದಂಬರಿಯ ಚಿಯೊ ಮೀನುಗಾರರ ಹಳ್ಳಿಯ ಮಗು. ತಾಯಿ ಸಾಯುವ ಸ್ಥಿತಿಯಲ್ಲಿರುವಾಗ ಅವಳನ್ನೂ ಅಕ್ಕನನ್ನೂ ಮಾರಲಾಗುತ್ತದೆ. ಅಕ್ಕ ವೇಶ್ಯಾಗೃಹಕ್ಕೆ ಹೋದರೆ ತಂಗಿ ಗೀಷಾಗಳು ವಾಸಿಸುವ ಮನೆಗೆ, ಅಂದರೆ ಓಕಿಯಾಗೆ ಬರುತ್ತಾಳೆ. ಆ ಮನೆಯ ಯಜಮಾನಿಗೆ ‘ಅಮ್ಮ’ ಎಂದೇ ಹೆಸರು. ಈ ಅಮ್ಮನ ಕೈಯಲ್ಲಿ ಸದಾ ಇರುವುದು ಲೆಕ್ಕದ ಪುಸ್ತಕ. ಮಗುವನ್ನು ಕೊಂಡ ಬೆಲೆ, ಊಟ, ಪಾಠದ ಶುಲ್ಕ, ಹಿರಿಯ ಗೀಷಾ ಹತ್ಸುಮೊಮೊಳ ಒತ್ತಾಯಕ್ಕೆ ಹಾಳುಮಾಡಿದ ಕಿಮೊನೊ, ಓಡಿಹೋಗಲು ಯತ್ನಿಸಿ ಮಾಡಿನಿಂದ ಬಿದ್ದು ಕೈ ಮುರಿದುಕೊಂಡಾಗ ಬಂದ ವೈದ್ಯರ ಖರ್ಚು, ಎಲ್ಲವೂ ಚಿಯೊಳ ಬಾಕಿಗೆ ಸೇರುತ್ತವೆ. ಅವಳ ಮೇಲೆ ಇನ್ನು ಹಣ ಹಾಕುವುದು ನಷ್ಟವೆಂದು ತೋರಿದ ದಿನ ಪಾಠ ನಿಲ್ಲುತ್ತದೆ, ಅವಳು ಮನೆಗೆಲಸದ ಆಳಾಗುತ್ತಾಳೆ. ಮುಂದೆ ಮಮೆಹಾ ಎಂಬ ಗೀಷಾ ಅವಳನ್ನು ಶಿಷ್ಯೆಯಾಗಿ ತೆಗೆದುಕೊಳ್ಳುವುದೂ ಒಂದು ಪಣದ ಮೇಲೆ: ಗೊತ್ತಾದ ವಯಸ್ಸಿನೊಳಗೆ ಹುಡುಗಿ ಸಾಲ ತೀರಿಸಿದರೆ ಮಮೆಹಾಗೆ ಹೆಚ್ಚಿನ ಪಾಲು, ಇಲ್ಲದಿದ್ದರೆ ಕಡಿತ. ಗೀಷಾ ಒಬ್ಬಳು ಅತಿಥಿಗಳ ಜೊತೆ ಕಳೆದ ಹೊತ್ತನ್ನು ಉರಿಯುವ ಊದುಬತ್ತಿಗಳ ಲೆಕ್ಕದಲ್ಲಿ ಅಳೆಯುತ್ತಿದ್ದ ನಿಜವಾದ ರೂಢಿಯನ್ನೂ ಗೋಲ್ಡನ್ ಗಮನಿಸಿದ್ದಾರೆ. ಯಾವ ಶ್ರೀಮಂತ ಅವಳ ‘ದನ್ನಾ’ ಆಗಬೇಕು, ಅಂದರೆ ಖರ್ಚುವೆಚ್ಚ ಹೊತ್ತು ಅವಳನ್ನು ಇಟ್ಟುಕೊಳ್ಳಬೇಕು ಎಂಬ ನಿರ್ಧಾರದಲ್ಲಿ ಅವಳ ಮನಸ್ಸಿಗೆ ಬೆಲೆಯೇ ಇಲ್ಲ. ಎರಡನೇ ಮಹಾಯುದ್ಧ ಸಮೀಪಿಸುತ್ತಿದ್ದಂತೆ ಅಮ್ಮ ಆರಿಸುವುದು ಸೈನ್ಯದ ಸರಬರಾಜು ನೋಡಿಕೊಳ್ಳುವ ಒಬ್ಬ ಜನರಲ್‌ನನ್ನು, ಏಕೆಂದರೆ ಅಭಾವದ ಕಾಲದಲ್ಲಿ ಮನೆಗೆ ಸಾಮಾನು ತಂದುಕೊಡಬಲ್ಲವನು ಅವನೇ. ಈ ಒಂದು ಆಯ್ಕೆಯಲ್ಲಿ 1930ರ ದಶಕದ ಜಪಾನಿನ ಅರ್ಥವ್ಯವಸ್ಥೆ, ಸೇನೆ, ಹೆಣ್ಣಿನ ಮೈ ಮೂರೂ ಒಂದೇ ಸಾಲಿನಲ್ಲಿ ಬಂದು ನಿಲ್ಲುತ್ತವೆ.

ಚಿತ್ರದಲ್ಲಿ ಈ ಜನರಲ್ ಅವಳ ದನ್ನಾ ಆಗುವ ಕಥೆಯೇ ಇಲ್ಲ. ಕಾದಂಬರಿ ದೊಡ್ಡದು, ಸುಮಾರು ಎರಡೂವರೆ ಗಂಟೆಯ ಸಿನಿಮಾದಲ್ಲಿ ಏನನ್ನಾದರೂ ಬಿಡಲೇಬೇಕು, ನಿಜ. ಆದರೆ ಬಿಟ್ಟದ್ದೆಲ್ಲ ಒಂದೇ ದಿಕ್ಕಿನದು. ಗೀಷಾ ಆಗಿ ಸಯುರಿ ಎಂಬ ಹೆಸರು ಪಡೆದ ಚಿಯೊ ವರ್ಷಗಟ್ಟಲೆ ಇನ್ನೊಬ್ಬನ ಅಧೀನದಲ್ಲಿ ಬದುಕಿದಳು ಎಂಬುದು ಹೊರಟುಹೋದರೆ ಬಾಲ್ಯದಲ್ಲಿ ಕರುಣೆ ತೋರಿದ ‘ಚೇರ್ಮನ್’ ಎಂಬ ಉದ್ಯಮಿಯ ಮೇಲಿನ ಅವಳ ಪ್ರೀತಿ ಮಾಸದೆ ಉಳಿಯುತ್ತದೆ. ಇನ್ನೂ ದೊಡ್ಡ ಬದಲಾವಣೆ ಯುದ್ಧಾನಂತರದ ಭಾಗದಲ್ಲಿದೆ. ತನ್ನನ್ನು ಬಯಸುವ ನೊಬು ಎಂಬ ಉದ್ಯಮಿ ದೂರವಾಗಲೆಂದು ಸಯುರಿ ಬೇರೊಬ್ಬನ ಜೊತೆ ಸಿಕ್ಕಿಬೀಳುವ ಸಂಚು ಹೂಡುತ್ತಾಳಲ್ಲ, ಕಾದಂಬರಿಯಲ್ಲಿ ಆ ಇನ್ನೊಬ್ಬ ಸಾತೊ ಎಂಬ ಜಪಾನೀ ಸರ್ಕಾರಿ ಅಧಿಕಾರಿ. ನೊಬುವಿನ ಕಂಪನಿಯ ಉಳಿವು ಸಾತೊನ ಕೃಪೆಯಲ್ಲಿದೆ, ಅವನನ್ನು ಖುಷಿಪಡಿಸಲು ಗೀಷಾಳನ್ನು ಕರೆಸುತ್ತಾರೆ. ಚಿತ್ರದಲ್ಲಿ ಅವನ ಜಾಗಕ್ಕೆ ಬರುವವನು ಅಮೆರಿಕನ್ ಕರ್ನಲ್. ಉದ್ಯಮಿಗಳೂ ಅಧಿಕಾರಿಗಳೂ ಚಹಾಮನೆಯಲ್ಲಿ ಕುಳಿತು ವ್ಯವಹಾರ ಕುದುರಿಸುತ್ತಿದ್ದ ಪದ್ಧತಿ ಅಮೆರಿಕನ್ ಸೇನೆ ಬರುವ ಮೊದಲೇ ಇತ್ತು, ಅದು ಹೋದ ಮೇಲೂ ಉಳಿಯಿತು. ಕರ್ನಲ್ ಬಂದೊಡನೆ ತಪ್ಪೆಲ್ಲ ಆಕ್ರಮಿಸಿದವನ ಪಾಲಾಗುತ್ತದೆ, ಪದ್ಧತಿ ತಪ್ಪಿಸಿಕೊಳ್ಳುತ್ತದೆ. ಹತ್ಸುಮೊಮೊಳ ಕೊನೆಯನ್ನೂ ಹೀಗೆಯೇ ಬದಲಿಸಿದ್ದಾರೆ. ಪುಸ್ತಕದಲ್ಲಿ ಅವಳ ಗಳಿಕೆಯೂ ಮರ್ಯಾದೆಯೂ ಸ್ವಲ್ಪಸ್ವಲ್ಪವಾಗಿ ಕರಗಿ, ಮನೆಗೆ ಬೇಡವಾದಾಗ ಅವಳನ್ನು ಹೊರಹಾಕುತ್ತಾರೆ. ತೆರೆಯ ಮೇಲೆ ಅವಳು ಮನೆಗೆ ಬೆಂಕಿ ಹಚ್ಚಿ ಹೊರನಡೆಯುತ್ತಾಳೆ. ಆ ಪಾತ್ರದ ನಟಿ ಗಾಂಗ್ ಲಿ ಆ ದೃಶ್ಯವನ್ನು ಅದ್ಭುತವಾಗಿ ನಿರ್ವಹಿಸಿದ್ದಾರೆ. ಆದರೆ ದುಡಿಯುವವಳೊಬ್ಬಳು ಸಂಪಾದನೆ ಕುಗ್ಗಿದಾಗ ಬೀದಿಪಾಲಾಗುವ ಸತ್ಯ ಅಲ್ಲಿ ಖಳನಾಯಕಿಯ ಹುಚ್ಚಾಗಿ ಮಾರ್ಪಟ್ಟಿದೆ.

ಕುಣಿತದ ದೃಶ್ಯವನ್ನಂತೂ ಬಿಡಿಸಿ ನೋಡಲೇಬೇಕು. ಗಿಯೋನ್‌ನಲ್ಲಿ 1872ರಿಂದ ನಡೆದು ಬಂದಿರುವ ವಸಂತಕಾಲದ ಮಿಯಾಕೊ ಒಡೊರಿ ಸಾಮೂಹಿಕ ನೃತ್ಯ. ಅಲ್ಲಿನ ಇನೋವೆ ಪರಂಪರೆ ನೋ ನಾಟಕದ ಪ್ರಭಾವ ಪಡೆದದ್ದು, ಸಂಯಮವೇ ಅದರ ಲಕ್ಷಣ. ಕುತ್ತಿಗೆಯ ಒಂದು ತಿರುವು, ಬೀಸಣಿಗೆಯ ಒಂದು ಚಲನೆಯ ಹಿಂದೆ ಹತ್ತಾರು ವರ್ಷಗಳ ಅಭ್ಯಾಸವಿರುತ್ತದೆ. ಚಿತ್ರದ ಸಯುರಿ ಎತ್ತರದ ಪಾದುಕೆ ತೊಟ್ಟು, ಬೀಳುವ ಹಿಮದ ನಡುವೆ, ನೀಲಿ ಬೆಳಕಿನಲ್ಲಿ ಒಬ್ಬಳೇ ಮೈ ಚೆಲ್ಲಿ ಕುಣಿಯುತ್ತಾಳೆ. ಮಾರ್ಷಲ್ ಮೂಲತಃ ನೃತ್ಯ ಸಂಯೋಜಕರು, ಇದಕ್ಕೆ ಮುನ್ನ ‘ಷಿಕಾಗೊ’ ಮಾಡಿದವರು. ಆ ಪರಿಣತಿ ಇಲ್ಲಿ ಢಾಳಾಗಿ ಕಾಣುತ್ತದೆ. ಶೈಲಿ ಅಧಿಕೃತವಾಗಿಲ್ಲ ಎಂಬುದಷ್ಟೇ ಆಗಿದ್ದರೆ ನಾನು ಇಷ್ಟು ಹೊತ್ತು ಅದರ ಮೇಲೆ ನಿಲ್ಲುತ್ತಿರಲಿಲ್ಲ. ಗೀಷಾಳ ಕಲೆ ಮೊದಲು ಒಂದು ಕಸುಬು. ಗುರು, ಶುಲ್ಕ, ದಿನನಿತ್ಯದ ಸಾಧನೆ, ತಪ್ಪಿದರೆ ಗದರಿಕೆ ಇವೆಲ್ಲ ಸೇರಿ ಅದು ರೂಪುಗೊಳ್ಳುತ್ತದೆ. ಚಿತ್ರದಲ್ಲಿ ತರಬೇತಿ ಕೆಲವೇ ನಿಮಿಷಗಳಲ್ಲಿ ಹಾರಿಹೋಗಿ ಪ್ರತಿಭೆ ಒಮ್ಮೆಲೇ ವೇದಿಕೆಯ ಮೇಲೆ ಸಿಡಿಯುತ್ತದೆ. ದುಡಿಮೆ ಮರೆಯಾದ ಮೇಲೆ ಕಲೆ ವರವಾಗಿ ಕಾಣತೊಡಗುತ್ತದೆ. ವರ ಪಡೆದವಳಿಗೆ ಯಾರೂ ಸಂಬಳ ಕೊಡಬೇಕಾಗಿಲ್ಲವಲ್ಲ!

ಈ ಚಿತ್ರದ ಬಗ್ಗೆ ಅತಿ ಹೆಚ್ಚು ಗದ್ದಲ ಎದ್ದದ್ದು ಪಾತ್ರವರ್ಗದ ಕಾರಣಕ್ಕೆ. ಮೂರು ಮುಖ್ಯ ಗೀಷಾ ಪಾತ್ರಗಳಲ್ಲಿ ಚೀನಾದ ಜಾಂಗ್ ಝಿಯಿ ಮತ್ತು ಗಾಂಗ್ ಲಿ, ಮಲೇಷ್ಯಾದ ಮಿಶೆಲ್ ಯೋ ನಟಿಸಿದರು. ಜಪಾನಿನಲ್ಲಿ ಅಸಮಾಧಾನ ಎದ್ದಿತು. ಚೀನಾದಲ್ಲಿ ಕೋಪ ಇನ್ನೂ ಹೆಚ್ಚು, 2006ರ ಆರಂಭದಲ್ಲಿ ಅಲ್ಲಿ ಬಿಡುಗಡೆಯೇ ರದ್ದಾಯಿತು. ಯುದ್ಧಕಾಲದಲ್ಲಿ ಜಪಾನೀ ಸೇನೆ ಚೀನಾದ ಹೆಂಗಸರಿಗೆ ಮಾಡಿದ ಅನ್ಯಾಯವನ್ನು ನೆನೆದರೆ ಆ ನೋವನ್ನು ಯಾರೂ ಹಗುರವಾಗಿ ಕಾಣಲಾಗದು. ಆದರೂ ನಟಿಯ ಪಾಸ್‌ಪೋರ್ಟ್ ಬದಲಾಗಿದ್ದರೆ ಚಿತ್ರ ಸರಿಹೋಗುತ್ತಿತ್ತೇ? ಇದೇ ಚಿತ್ರದಲ್ಲಿ ಅಮ್ಮನ ಪಾತ್ರ ಮಾಡಿದ ಕಾವೊರಿ ಮೊಮೊಯಿ, ನೊಬು ಆದ ಕೋಜಿ ಯಾಕುಶೊ, ಚೇರ್ಮನ್ ಆದ ಕೆನ್ ವಾತಾನಾಬೆ ಮೂವರೂ ಜಪಾನಿನ ಹೆಸರಾಂತ ಕಲಾವಿದರು. ವಾತಾನಾಬೆಯಂಥ ನಟನಿಗೂ ಚೇರ್ಮನ್‌ನನ್ನು ಕರುಣೆಯ ಮೂರ್ತಿಗಿಂತ ಹೆಚ್ಚಿನ ಮನುಷ್ಯನನ್ನಾಗಿಸಲು ಸಾಧ್ಯವಾಗಲಿಲ್ಲ, ಏಕೆಂದರೆ ಚಿತ್ರಕಥೆ ಅದಕ್ಕೆ ಜಾಗ ಕೊಟ್ಟಿಲ್ಲ. ಅಳುತ್ತ ನಿಂತ ಪುಟ್ಟ ಚಿಯೊಗೆ ಅವನು ಕರವಸ್ತ್ರದಲ್ಲಿ ಹಣ ಕೊಡುತ್ತಾನೆ. ಅವಳು ಸಾಲುಸಾಲು ಕೆಂಪು ತೋರಣಗಂಬಗಳ ಕೆಳಗೆ ಓಡಿ ಆ ಹಣವನ್ನು ದೇಗುಲಕ್ಕೆ ಅರ್ಪಿಸಿ ಪ್ರಾರ್ಥಿಸುತ್ತಾಳೆ. ಇಡೀ ಚಿತ್ರದಲ್ಲಿ ಕ್ಯಾಮೆರಾ ಮನಸಾರೆ ಪ್ರೀತಿಸಿದ ಹಣ ಅದೊಂದೇ. ಸಾಲದಲ್ಲಿ ಮುಳುಗಿದ ಮಗು ಕೈಗೆ ಬಂದ ಕಾಸನ್ನು ಒಬ್ಬ ಗಂಡಸಿನ ಸಾಮೀಪ್ಯಕ್ಕಾಗಿ ಹರಕೆ ಹಾಕುವುದನ್ನು ಚಿತ್ರ ಪ್ರಶ್ನಿಸದೆ ಸಂಭ್ರಮಿಸುತ್ತದೆ.

ಇನ್ನೊಂದು ಆಕ್ಷೇಪ ಕಾದಂಬರಿಯ ಬುಡಕ್ಕೇ ಕೈ ಹಾಕುತ್ತದೆ. ಗೋಲ್ಡನ್ ಸಂದರ್ಶಿಸಿದ್ದ ಗಿಯೋನ್‌ನ ನಿವೃತ್ತ ಗೀಷಾ ಮಿನೆಕೊ ಇವಾಸಾಕಿ 2001ರಲ್ಲಿ ಅವರ ಮೇಲೆ ಮೊಕದ್ದಮೆ ಹೂಡಿದರು. 2003ರಲ್ಲಿ ಅದು ನ್ಯಾಯಾಲಯದ ಹೊರಗೆ ಇತ್ಯರ್ಥವಾಯಿತು. ಹೆಸರು ಗುಟ್ಟಾಗಿಡುವ ಮಾತು ತಪ್ಪಿದರು, ಕನ್ಯತ್ವವನ್ನು ಹರಾಜು ಹಾಕುವ ಪ್ರಸಂಗ ಬರೆದು ಗೀಷಾಗಳ ಮಾನ ಕಳೆದರು ಎಂಬುದು ಅವರ ದೂರು. ಹಾಗಿದ್ದರೆ ಸಾಲ, ಮಾರಾಟ, ಹರಾಜು ಎಲ್ಲವೂ ಪಾಶ್ಚಾತ್ಯ ಲೇಖಕನ ಕಲ್ಪನೆಯೇ, ಅದನ್ನು ಚಿತ್ರ ಕಡಿಮೆ ಮಾಡಿದ್ದು ಒಳ್ಳೆಯದೇ ಆಯಿತಲ್ಲ ಎಂದು ನೀವು ಕೇಳಬಹುದು. ಇವಾಸಾಕಿಯವರ ಮಾತನ್ನು ನಾನು ನಂಬುತ್ತೇನೆ. ಅವರು ಹುಟ್ಟಿದ್ದು 1949ರಲ್ಲಿ. ವೇಶ್ಯಾವೃತ್ತಿ ನಿಷೇಧ ಕಾನೂನು 1956ರಲ್ಲಿ ಬಂದು 1958ರಲ್ಲಿ ಪೂರ್ತಿ ಜಾರಿಯಾದ ಬಳಿಕವೇ ಅವರು ವೃತ್ತಿಗಿಳಿದದ್ದು. ಅದೂ ದೇಶದ ಅತ್ಯಂತ ಪ್ರತಿಷ್ಠಿತ ಬಡಾವಣೆಯಲ್ಲಿ, ಮನೆಯ ವಾರಸುದಾರಳಾಗಿ ದತ್ತು ಹೋಗಿ. ಗೋಲ್ಡನ್ ಕಥೆ ಅದಕ್ಕಿಂತ ಒಂದು ತಲೆಮಾರು ಹಿಂದಿನದು. ಆ ಕಾಲಕ್ಕೆ ಸಾಕ್ಷಿ ಬೇಕಿದ್ದರೆ ಸಾಯೊ ಮಸುದಾ ಅವರ ಆತ್ಮಕಥೆಯಿದೆ. 1925ರಲ್ಲಿ ಹುಟ್ಟಿದ ಮಸುದಾ ಬಾಲ್ಯದಲ್ಲೇ ಮಕ್ಕಳನ್ನು ಹೊತ್ತು ತಿರುಗುವ ಆಳಾಗಿ ದುಡಿದು, ಆಮೇಲೆ ಬಿಸಿನೀರ ಬುಗ್ಗೆಗಳ ಊರಾದ ಸುವಾದ ಗೀಷಾ ಮನೆಗೆ ಮಾರಾಟವಾದವರು. ಶಾಲೆ ಕಾಣದೆ, ದೊಡ್ಡವರಾದ ಮೇಲೆ ಅಕ್ಷರ ಕಲಿತು ಬರೆದ ಅವರ ಪುಸ್ತಕ 1957ರಲ್ಲಿ ಹೊರಬಂತು. ಸಾಲ, ಹೊಡೆತ, ಮೈಯ ಮಾರಾಟ ಅದರಲ್ಲಿ ಮುಚ್ಚುಮರೆಯಿಲ್ಲದೆ ಬಂದಿವೆ. ಒಬ್ಬರ ಸತ್ಯ ಇನ್ನೊಬ್ಬರದನ್ನು ಸುಳ್ಳು ಮಾಡುವುದಿಲ್ಲ. ಕಾಲ, ಊರು, ಏಣಿಯ ಮೆಟ್ಟಿಲು ಬೇರೆಬೇರೆ. ಗೋಲ್ಡನ್ ಮಾಡಿದ ತಪ್ಪು ಕೊಟ್ಟ ಮಾತು ಮುರಿದದ್ದು. ಲೆಕ್ಕದ ಪುಸ್ತಕವನ್ನು ತೋರಿಸಿದ್ದು ತಪ್ಪಲ್ಲ.

ಜಮಾಖರ್ಚು ನೋಡಲು ಯಾರು ಚಿತ್ರಮಂದಿರಕ್ಕೆ ಬರುತ್ತಾರೆ ಎನ್ನುವವರಿಗೆ ಜಪಾನಿನಲ್ಲಿಯೇ, 1956ರಲ್ಲಿಯೇ ಉತ್ತರ ಸಿಕ್ಕಿದೆ. ಲೇಖಕಿ ಆಯಾ ಕೋದಾ ಟೋಕಿಯೋದ ಯಾನಗಿಬಾಶಿಯ ಗೀಷಾ ಮನೆಯೊಂದರಲ್ಲಿ ಕೆಲವು ಕಾಲ ಮನೆಗೆಲಸದವರಾಗಿದ್ದು, ಆ ಅನುಭವದಿಂದ ‘ನಾಗಾರೆರು’ ಕಾದಂಬರಿ ಬರೆದರು. ಅದನ್ನು ಮಿಕಿಯೊ ನರುಸೆ ಚಿತ್ರವಾಗಿಸಿದರು. ಗಂಡನನ್ನೂ ಮಗುವನ್ನೂ ಕಳೆದುಕೊಂಡ ರಿಕಾ ಎಂಬ ವಿಧವೆ ಕೆಲಸ ಕೇಳಿಕೊಂಡು ಬರುತ್ತಾಳೆ. ಅವಳ ಕಣ್ಣಿನಿಂದಲೇ ನಾವು ಮನೆಯನ್ನು ಕಾಣುತ್ತೇವೆ. ಒಡತಿ ತ್ಸುತಯಾಕ್ಕೊಗೆ ಕಲೆಯಿದೆ, ಹೆಸರಿದೆ, ಮೈತುಂಬ ಸಾಲವಿದೆ. ಸ್ವಂತ ಅಕ್ಕನಿಗೇ ಬಾಕಿ. ಬಿಟ್ಟುಹೋದ ಹುಡುಗಿಯೊಬ್ಬಳ ಚಿಕ್ಕಪ್ಪ ಬಂದು ದುಡ್ಡಿಗಾಗಿ ಬಾಗಿಲಲ್ಲಿ ಕೂಗಾಡುತ್ತಾನೆ. ಕೊನೆಗೆ ನೆರವು ಕೊಡುತ್ತೇನೆಂದು ಬಂದ ಒಹಾಮಾ ಆ ಮನೆಯನ್ನು ಕೊಂಡು, ಇವರನ್ನು ಖಾಲಿ ಮಾಡಿಸಿ ಊಟದ ಮನೆ ತೆರೆಯುವ ಆಲೋಚನೆಯಲ್ಲಿರುತ್ತಾಳೆ. ಇದು ರಿಕಾಗೆ ಗೊತ್ತು, ಒಡತಿಗೆ ಗೊತ್ತಿಲ್ಲ. ಒಡತಿ ಕೆಳಗೆ ಎಳೆಯರಿಗೆ ಶಾಮಿಸೆನ್ ವಾದ್ಯ ಕಲಿಸುತ್ತಿದ್ದರೆ, ಗೀಷಾ ಆಗಲೊಲ್ಲದ ಮಗಳು ಮೇಲಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದಾಳೆ. ಇಲ್ಲಿ ಹಣದ ಮಾತಿಲ್ಲದ ದೃಶ್ಯ ಹುಡುಕಬೇಕು. ಆದರೂ ನೋಡುವವರ ಎದೆ ಭಾರವಾಗುತ್ತದೆ. ಒಡತಿಯ ಪಾತ್ರದಲ್ಲಿರುವ ಇಸುಜು ಯಮಾದಾ ಇಪ್ಪತ್ತು ವರ್ಷ ಮೊದಲು, ನಿರ್ದೇಶಕ ಮಿಜೊಗುಚಿಯ 1936ರ ‘ಗಿಯೋನ್ ಸೋದರಿಯರು’ ಚಿತ್ರದಲ್ಲಿ ಗಿರಾಕಿಗಳನ್ನು ಬುಗುರಿಯಂತೆ ಆಡಿಸಹೊರಟು ಪೆಟ್ಟು ತಿಂದ ತಂಗಿಯಾಗಿದ್ದವರು. ಎರಡನ್ನೂ ಒಟ್ಟಿಗೆ ನೋಡಿದರೆ ಬುದ್ಧಿವಂತಿಕೆಗೂ ನಿಷ್ಠೆಗೂ ಆ ಕಸುಬಿನಲ್ಲಿ ಸಿಕ್ಕ ಪ್ರತಿಫಲ ಎಷ್ಟೆಂದು ತಿಳಿಯುತ್ತದೆ. ಹಣದ ಕಷ್ಟವನ್ನು ನೇರವಾಗಿ ನೋಡಿದ್ದರಿಂದಲೇ ಅಲ್ಲಿನ ಭಾವಕ್ಕೆ ಆ ತೂಕ ಬಂದಿದೆ.

ಇದೆಲ್ಲ ಮುಗಿದುಹೋದ ಕಾಲದ ಮಾತು ಎಂದು ಪಕ್ಕಕ್ಕಿಡುವಂತಿಲ್ಲ. ಇಂದು ಹುಡುಗಿಯರು ತಾವಾಗಿಯೇ ಬಯಸಿ ಮೈಕೊ ಆಗಲು, ಅಂದರೆ ಗೀಷಾ ವೃತ್ತಿಯ ಕಲಿಕೆಗೆ ಕ್ಯೋಟೋಗೆ ಬರುತ್ತಾರೆ. ಮಾರಾಟವಿಲ್ಲ, ನಿಜ. ಆದರೆ ಕಲಿಕೆಯ ವರ್ಷಗಳಲ್ಲಿ ಊಟ, ವಸತಿ, ಕಿಮೊನೊ, ಪಾಠದ ಖರ್ಚನ್ನು ಮನೆಯೇ ಹೊರುತ್ತದೆ, ಅವರ ಸಂಪಾದನೆಯೂ ಮನೆಗೇ ಹೋಗುತ್ತದೆ, ಕೈಗೆ ಸಿಗುವುದು ಕೈಖರ್ಚಿನ ದುಡ್ಡು. 2022ರಲ್ಲಿ ಮಾಜಿ ಮೈಕೊ ಒಬ್ಬರು ಹದಿಹರೆಯದಲ್ಲೇ ತಾವು ಮದ್ಯ ಕುಡಿಯಬೇಕಾಗಿ ಬಂತೆಂದು ಬಹಿರಂಗವಾಗಿ ಹೇಳಿದಾಗ ಜಪಾನಿನಲ್ಲಿ ದೊಡ್ಡ ಚರ್ಚೆಯಾಯಿತು. ಅದರ ಮರುವರ್ಷ ನಿರ್ದೇಶಕ ಹಿರೊಕಾಜು ಕೊರೆಎದಾ ಮುಂದಾಳತ್ವದಲ್ಲಿ, ಮಾಂಗಾ (ಜಪಾನೀ ಕಾಮಿಕ್ಸ್) ಒಂದನ್ನು ಆಧರಿಸಿದ ‘ದಿ ಮಕಾನಾಯಿ’ ಸರಣಿ ಬಂತು. ಮೈಕೊಗಳಿಗೆ ಅಡುಗೆ ಮಾಡುವ ಹುಡುಗಿಯ ಕಥೆ ಅದು. ಅನ್ನ, ಸಾರು, ಬೆಳಗಿನ ಬೆಳಕು, ಗೆಳತಿಯರ ಅಕ್ಕರೆ ಎಲ್ಲವೂ ಅದರಲ್ಲಿ ಮೃದುವಾಗಿ ಬಂದಿವೆ. ನರುಸೆಯ ರಿಕಾಳಂತೆಯೇ ಈ ಕಿಯೊ ಕೂಡ ಅಡುಗೆಮನೆಯಿಂದ ಆ ಲೋಕವನ್ನು ಕಾಣುತ್ತಾಳೆ. ಆದರೆ ರಿಕಾಗೆ ಆ ಮನೆಯಲ್ಲಿ ಕೇಳಿಸಿದ ಸಾಲದ ಮಾತು ಕಿಯೊ ಕಿವಿಗೆ ಒಮ್ಮೆಯೂ ಬೀಳುವುದಿಲ್ಲ.