ಮೋಟಾರು ಜೋಡಿಸಿದ ಸೈಕಲ್ಲಿನೊಡನೆ ಮೂರು ವರ್ಷ



ನಮ್ಮ ಅಕ್ಕಲಕೋಟೆ ತಾಲೂಕು ಬಯಲು ಸೀಮೆ. ಹೇಳಿಕೊಳ್ಳುವಂತಹ ಏರಿಲ್ಲ, ಇಳಿವಿಲ್ಲ. ಸೈಕಲ್ಲಿಗೆ ಹೇಳಿ ಮಾಡಿಸಿದ ನೆಲ ಎಂದು ಹೊರಗಿನವರು ಹೇಳುತ್ತಾರೆ. ಅವರು ಆಷಾಢದಲ್ಲಿ ಬಂದು ನೋಡಿಲ್ಲ. ಮಧ್ಯಾಹ್ನ ಪಡುವಣ ಗಾಳಿ ಎದ್ದಿತೆಂದರೆ, ಹೊಲಗಳ ನಡುವಿನ ರಸ್ತೆಯಲ್ಲಿ ಅದನ್ನು ತಡೆಯಲು ಒಂದು ಗಿಡವೂ ಸಿಗುವುದಿಲ್ಲ. ನಮ್ಮ ಊರು ದುಧನಿಯಿಂದ ಪಡುವಣಕ್ಕೆ 11 ಕಿಲೋಮೀಟರು. ಬ್ಯಾಂಕು, ಔಷಧಿ ಅಂಗಡಿ, ಬಜಾರು, ರೈಲು ಎಲ್ಲವೂ ನಮಗೆ ದುಧನಿಯಲ್ಲಿಯೇ. ಮುಂಜಾನೆ ಹೋಗುವಾಗ ಗಾಳಿ ಬೆನ್ನಿಗೆ, ತಿರುಗಿ ಬರುವಾಗ ಎದೆಗೆ.

ನಾನು ಹೈಸ್ಕೂಲಿನ ದಿನಗಳಿಂದ ಸೈಕಲ್ ತುಳಿದವನು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗಲೂ ಸೈಕಲ್ಲೇ. ನಿವೃತ್ತಿಯ ನಂತರ ಮೊಣಕಾಲು ನೋವು ಶುರುವಾಯಿತು. ವೈದ್ಯರು, ‘ಸೈಕಲ್ ಬಿಡಬೇಡಿ, ಆದರೆ ಜೋರಾಗಿ ಒತ್ತಿ ತುಳಿಯಬೇಡಿ’ ಎಂದರು. ಎದುರು ಗಾಳಿಗೆ ಒತ್ತದೆ ತುಳಿಯುವುದು ಹೇಗೆ? ಅರವತ್ತನಾಲ್ಕರ ಹೊತ್ತಿಗೆ ದುಧನಿಗೆ ಹೋಗುವುದು ನಿಂತೇ ಹೋಯಿತು. ಹೋಗಲು ಆಗುತ್ತಿತ್ತು, ಬರಲು ಆಗುತ್ತಿರಲಿಲ್ಲ. ಮಗನ ಮೋಟಾರ್ ಸೈಕಲ್ ಇದೆ, ಅವನು ಒಳ್ಳೆಯವನೇ. ಆದರೂ ನನ್ನ ಪಿಂಚಣಿಗೆ, ಮನೆಯವರ ಸಕ್ಕರೆ ಕಾಯಿಲೆಯ ಗುಳಿಗೆಗೆ, ಒಂದು ದಿನಪತ್ರಿಕೆಗೆ, ‘ಇವತ್ತು ನಿನಗೆ ಬಿಡುವು ಇದೆಯೇನಪ್ಪಾ’ ಎಂದು ಕೇಳುತ್ತ ಕೂಡುವುದು ಎಂತಹ ಬಾಳು ಎಂಬುದು ನನ್ನ ವಯಸ್ಸಿನ ಕೇಳುಗರಿಗೆ ಗೊತ್ತು. ಆಗ ಹಳೆಯ ಕರಿ ಸೈಕಲ್ಲಿಗೇ ವಿದ್ಯುತ್ತಿನ ಕಿಟ್ ಹಾಕಿಸಿದೆ. ಈಗ ಮೂರು ವರ್ಷವಾಯಿತು.

ಗಾಳಿಯ ಲೆಕ್ಕ ಸ್ವಲ್ಪ ಹೇಳುತ್ತೇನೆ. ನಾವು ಗಂಟೆಗೆ 15 ಕಿಲೋಮೀಟರು ವೇಗದಲ್ಲಿ ಹೋಗುವಾಗ ಎದುರಿನಿಂದ 20 ಕಿಲೋಮೀಟರು ವೇಗದ ಗಾಳಿ ಬಂದರೆ, ಮೈಗೆ ಬಡಿಯುವುದು 35ರ ಗಾಳಿ. ಗಾಳಿಯ ತಡೆ ವೇಗದ ವರ್ಗದಂತೆ ಬೆಳೆಯುತ್ತದೆ. ಅಂದರೆ ಗಾಳಿ ಇಲ್ಲದ ದಿನಕ್ಕಿಂತ ಐದು ಪಟ್ಟಿಗೂ ಹೆಚ್ಚು. ಆರೋಗ್ಯವಂತ ಮನುಷ್ಯ ಒಂದು ತಾಸು ಬಿಡದೆ ತುಳಿದರೆ ಅವನ ಕಾಲಿನಿಂದ ಬರುವ ಶಕ್ತಿ 75ರಿಂದ 100 ವಾಟ್. ಕಿಟ್ಟಿನ ಮೋಟಾರು 250 ವಾಟ್. ಇಬ್ಬರು ಗಟ್ಟಿ ಆಳುಗಳು ಹಿಂದಿನಿಂದ ನೂಕಿದ ಹಾಗೆ.

ಗಾಳಿಯನ್ನು ಗೆಲ್ಲಲು ಇನ್ನೊಂದು ಉಪಾಯವೂ ಉಂಟು. ಆರಾಮ ಕುರ್ಚಿಯಲ್ಲಿ ಒರಗಿದಂತೆ ಕೂತು, ಕಾಲು ಮುಂದಕ್ಕೆ ಚಾಚಿ ತುಳಿಯುವ ತಗ್ಗು ಸೈಕಲ್. 1933ರಲ್ಲಿ ಪ್ಯಾರಿಸಿನಲ್ಲಿ ಫ್ರಾನ್ಸಿಸ್ ಫೋರ್ ಎಂಬಾತ ಅಂತಹ ಸೈಕಲ್ಲಿನ ಮೇಲೆ ಒಂದು ತಾಸಿನಲ್ಲಿ 45 ಕಿಲೋಮೀಟರು ದಾಟಿ, 1914ರಿಂದ ಇದ್ದ ದಾಖಲೆ ಮುರಿದ. ಮರುವರ್ಷವೇ ಅಂತರರಾಷ್ಟ್ರೀಯ ಸೈಕಲ್ ಸಂಸ್ಥೆಯು ಆ ಬಗೆಯ ಸೈಕಲ್ಲನ್ನು ಪಂದ್ಯಗಳಿಂದ ಹೊರಗಿಟ್ಟಿತು. ಪರದೇಶಗಳಲ್ಲಿ ವಯಸ್ಸಾದವರು ಅದಕ್ಕೂ ಮೋಟಾರು ಜೋಡಿಸಿಕೊಳ್ಳುತ್ತಾರೆ. ಬೆನ್ನಿಗೆ ಅದು ಸುಖವೇ ಇರಬೇಕು. ಆದರೆ ಎರಡು ಟ್ರಾಲಿ ಕಬ್ಬು ಹೇರಿಕೊಂಡು ಬರುವ ಟ್ರ್ಯಾಕ್ಟರಿನವನ ಕಣ್ಣಿಗೆ ನೆಲಕ್ಕೆ ಅಂಟಿದಂತಹ ಸೈಕಲ್ ಬೀಳುವುದೇ ಕಷ್ಟ. ನಮ್ಮ ರಸ್ತೆಗೆ ಎತ್ತರದ ಕರಿ ಸೈಕಲ್ಲೇ ಸರಿ.

ಆದರೆ ಈ ಕರಿ ಸೈಕಲ್ಲಿಗೆ ಕಿಟ್ ಕೂಡಿಸುವುದು ಜಾಹೀರಾತಿನಲ್ಲಿ ತೋರಿಸುವಷ್ಟು ಸಲೀಸಲ್ಲ. ನಮ್ಮ ಸೈಕಲ್ಲಿನ ಹಿಂದಿನ ಗಾಲಿಗೆ 40 ಸ್ಪೋಕು, ಮುಂದಿನದಕ್ಕೆ 32. ಮೋಟಾರಿನ ಹಬ್ಬಿಗೆ ಸಾಮಾನ್ಯವಾಗಿ 36 ತೂತು. ಆದ್ದರಿಂದ ಹಳೆಯ ರಿಮ್ ನಡೆಯಲಿಲ್ಲ, ಹೊಸ ಗಾಲಿಯೇ ಬೇಕಾಯಿತು. ಎರಡನೆಯದು ಬ್ರೇಕು. ಕಿಟ್ಟಿನ ಬ್ರೇಕ್ ಹಿಡಿಕೆಯೊಳಗೆ ಒಂದು ಸ್ವಿಚ್ಚು ಇರುತ್ತದೆ. ಹಿಡಿಕೆ ಒತ್ತಿದ ಕ್ಷಣವೇ ಮೋಟಾರು ನಿಲ್ಲುತ್ತದೆ. ನಮ್ಮದು ಸರಳಿನ ಬ್ರೇಕು, ಆ ಹಿಡಿಕೆ ಅದಕ್ಕೆ ಕೂಡುವುದಿಲ್ಲ. ‘ಸ್ವಿಚ್ಚು ಇಲ್ಲದಿದ್ದರೂ ಓಡುತ್ತದೆ’ ಎಂದು ಮಾರುವವರು ಹೇಳುತ್ತಾರೆ. ಓಡುತ್ತದೆ ನಿಜ, ನಿಲ್ಲುವುದು ಹೇಗೆ? ನಾನು ಮೊದಲು ಎರಡೂ ಗಾಲಿಗೆ ಕೇಬಲ್ ಬ್ರೇಕು ಹಾಕಿಸಿ, ಆಮೇಲೆ ಮೋಟಾರಿಗೆ ಕೈಹಚ್ಚಿದೆ. ಮೂರನೆಯದು ಸಣ್ಣ ಉಕ್ಕಿನ ಪಟ್ಟಿ, ಟಾರ್ಕ್ ಆರ್ಮ್ ಎನ್ನುತ್ತಾರೆ. ಮೋಟಾರು ಗಾಲಿಯನ್ನು ಮುಂದಕ್ಕೆ ತಿರುಗಿಸುವಾಗ ಅದರ ಅಚ್ಚು ಹಿಂದಕ್ಕೆ ತಿರುಗಲು ನೋಡುತ್ತದೆ. ಬರೀ ನಟ್ಟಿನ ಬಿಗಿತದ ಮೇಲೆ ಬಿಟ್ಟರೆ ಒಂದಲ್ಲ ಒಂದು ದಿನ ಅಚ್ಚು ತಿರುಗಿ, ಒಳಗಿನ ತಂತಿಯನ್ನು ಹರಿದುಹಾಕುತ್ತದೆ. ಈ ಪಟ್ಟಿ ಅಚ್ಚನ್ನು ಹಿಡಿದಿಡುತ್ತದೆ. ಇಲ್ಲದ ಕಿಟ್ ತರಬೇಡಿ.

ಜಾಲಿ ಮುಳ್ಳಿನ ಪಂಕ್ಚರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಪರದೇಶದವರಿಗೆ ಇದು ದೊಡ್ಡ ತಲೆನೋವಂತೆ, ಏಕೆಂದರೆ ಅವರು ಗಾಲಿ ಬಿಚ್ಚುತ್ತಾರೆ. ನಮ್ಮ ಪಂಕ್ಚರಿನವರು ಗಾಲಿ ಬಿಚ್ಚುವುದೇ ಇಲ್ಲ. ಟ್ಯೂಬಿನ ಒಂದು ಮಗ್ಗುಲು ಹೊರಗೆಳೆದು, ನೀರಿನ ಬುಟ್ಟಿಯಲ್ಲಿ ಗುಳ್ಳೆ ನೋಡಿ, ತೇಪೆ ಹಚ್ಚಿ ಕಳಿಸುತ್ತಾರೆ. ತಂತಿ ಇರುವ ಮಗ್ಗುಲಿಗೆ ಸೈಕಲ್ ಮಲಗಿಸಬೇಡಪ್ಪಾ ಎಂದು ಹೇಳಿದರೆ ಸಾಕು.

ಕಾನೂನಿನ ಮಾತು. ಮೋಟಾರು 250 ವಾಟ್ ಒಳಗಿರಬೇಕು, ವೇಗ ಗಂಟೆಗೆ 25 ಕಿಲೋಮೀಟರು ಮುಟ್ಟುವ ಹೊತ್ತಿಗೆ ಮೋಟಾರಿನ ಸಹಾಯ ನಿಂತುಹೋಗಬೇಕು. ಅಂತಹ ಪೆಡಲ್ ಸೈಕಲ್ಲನ್ನು ಕೇಂದ್ರ ಮೋಟಾರು ವಾಹನ ನಿಯಮಗಳು ಮೋಟಾರು ವಾಹನ ಎಂದು ಎಣಿಸುವುದಿಲ್ಲ. ಲೈಸೆನ್ಸು ಬೇಡ, ನಂಬರು ಬೇಡ. ನಿಯಮ ಕೇಂದ್ರದ್ದು. ಗಡಿ ದಾಟಿ ಅಫಜಲಪುರಕ್ಕೆ ಹೋದರೂ ಇದೇ. ಹುಡುಗರು 500 ವಾಟಿನ ಮೋಟಾರು ಹಾಕಿಸಿ ಹಾರಿಸಿಕೊಂಡು ಹೋಗುವುದು ಬೇರೆ ಕಥೆ. ಆಮೇಲೆ ಪೊಲೀಸರು ಹಿಡಿದರೆ ‘ಇದು ಸೈಕಲ್ ಸಾಹೇಬ್’ ಎಂದರೆ ನಡೆಯದು.

ಇನ್ನು ಖರ್ಚು. ನಾನು ಲೆಕ್ಕದ ಮನುಷ್ಯ, ನೋಟುಬುಕ್ಕು ಇಟ್ಟಿದ್ದೇನೆ. ನನ್ನದು 36 ವೋಲ್ಟು, 10 ಆಂಪಿಯರ್-ಅವರ್ ಬ್ಯಾಟರಿ. ಬರಿದಾದದ್ದನ್ನು ಪೂರ್ತಿ ತುಂಬಿಸಲು ಐದು ತಾಸು, ಹೆಚ್ಚೆಂದರೆ ಅರ್ಧ ಯೂನಿಟ್ಟು. ಯೂನಿಟ್ಟಿಗೆ ಎಂಟು ರೂಪಾಯಿ ಹಿಡಿದರೂ ಕಿಲೋಮೀಟರಿಗೆ 15 ಪೈಸೆ ದಾಟುವುದಿಲ್ಲ. ಇಷ್ಟು ಕೇಳಿ ಎಲ್ಲರೂ ‘ಪುಕ್ಕಟೆಯೇ ಆಯಿತಲ್ಲ ಕಾಕಾ’ ಎನ್ನುತ್ತಾರೆ. ಅಲ್ಲ. ಸವಕಳಿ ಲೆಕ್ಕ ಯಾರೂ ಹಿಡಿಯುವುದಿಲ್ಲ, ಮರಾಠಿಯಲ್ಲಿ ಘಸಾರಾ ಅನ್ನುತ್ತೇವಲ್ಲ, ಅದು. ಬ್ಯಾಟರಿಗೆ ಬಿದ್ದದ್ದು 13,000 ರೂಪಾಯಿ. 500 ಸಲ ತುಂಬಿಸಬಹುದು, ಪ್ರತಿ ಸಲಕ್ಕೆ 28 ಕಿಲೋಮೀಟರು ಎಂದು ಹಿಡಿಯಿರಿ. ಕಿಲೋಮೀಟರಿಗೆ 93 ಪೈಸೆ ಆಯಿತು. ವಿದ್ಯುತ್ತು ಅಗ್ಗ, ಅದನ್ನು ಇಡುವ ಪೆಟ್ಟಿಗೆ ತುಟ್ಟಿ. ಎರಡೂ ಸೇರಿ ಒಂದು ರೂಪಾಯಿ ಚಿಲ್ಲರೆ. ಮಗನ ಮೋಟಾರ್ ಸೈಕಲ್ಲಿಗೆ ಪೆಟ್ರೋಲೇ ಎರಡು ರೂಪಾಯಿ, ಅದರ ಸವಕಳಿ ಬೇರೆ.

ಆದ್ದರಿಂದ ಜೋಪಾನ ಮಾಡಬೇಕಾದದ್ದು ಬ್ಯಾಟರಿಯನ್ನು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲೇ 42 ಡಿಗ್ರಿ. ಬಿಸಿಲಿನಿಂದ ಬಂದ ಕೂಡಲೇ ಚಾರ್ಜಿಗೆ ಹಚ್ಚಬಾರದು, ತಣ್ಣಗಾಗಲು ಒಂದೆರಡು ತಾಸು ಬಿಡಬೇಕು. ಪತ್ರೆಯ ಮಾಡಿನ ಕೆಳಗೆ ಇಡಬಾರದು. ರಾತ್ರಿ ಮಲಗುವ ಕೋಣೆಯಲ್ಲಿ ಹಚ್ಚಿ ನಿದ್ದೆ ಹೋಗಬಾರದು. ನಾನು ಬ್ಯಾಂಕಿಗೆ ಹೋದಾಗ ಬ್ಯಾಟರಿ ತೆಗೆದು ಕೈಚೀಲದಲ್ಲಿ ಒಳಗೆ ಒಯ್ಯುತ್ತೇನೆ. ಮೊದಲ ಸಲ ಕಾವಲುಗಾರ ಪೆಟ್ಟಿಗೆಯನ್ನೂ ನನ್ನನ್ನೂ ಮಿಕಿಮಿಕಿ ನೋಡಿದ. ಈಗ ಅವನೇ ‘ಕೊಡಿ ಕಾಕಾ, ಇಲ್ಲಿ ನೆರಳಿನಲ್ಲಿ ಇಡುತ್ತೇನೆ’ ಎನ್ನುತ್ತಾನೆ.

ಎರಡನೇ ಮಳೆಗಾಲದಲ್ಲಿ ಕಂಟ್ರೋಲರಿನೊಳಗೆ ನೀರು ಹೋಯಿತು. ಮಾರಿದ ಕಂಪನಿಯವರು ಫೋನು ಎತ್ತಲಿಲ್ಲ. ದುಧನಿಯಲ್ಲಿ ಮೊಬೈಲ್ ರಿಪೇರಿ ಮಾಡುವ ಹುಡುಗ ಬಿಚ್ಚಿ ಒಣಗಿಸಿ, ಒಂದು ಬೆಸುಗೆ ಹಾಕಿ ಸರಿಮಾಡಿಕೊಟ್ಟ. ತಂತಿಯ ಬಾಯಿ ಕೆಳಮುಖವಾಗಿರುವಂತೆ ಕಟ್ಟಬೇಕೆಂದು ಹೇಳಿದವನೂ ಅವನೇ. ಆಮೇಲೆ ತೊಂದರೆ ಬಂದಿಲ್ಲ. ಇಂತಹ ಹುಡುಗ ನಿಮ್ಮ ಸಮೀಪದಲ್ಲಿ ಇದ್ದಾನೆಯೇ ಎಂದು ನೋಡಿಕೊಂಡು ಕಿಟ್ ಕೊಳ್ಳಿ.

ಕೈಯಿಂದ ತಿರುಗಿಸಿ ಓಡಿಸುವ ಹಿಡಿಕೆಯೂ ಇದರಲ್ಲಿದೆ, ಕಾಲು ಆಡಿಸದೆಯೇ ಹೋಗಬಹುದು. ನಾನು ಅದನ್ನು ಮುಟ್ಟುವುದು ಅಪರೂಪ. ಪೆಡಲ್ ತಿರುಗಿದ್ದನ್ನು ಗುರುತಿಸಿ ಮೋಟಾರು ಕೈಗೂಡಿಸುತ್ತದೆ. ಕಾಲು ಹಗುರವಾಗಿ ತಿರುಗುತ್ತಲೇ ಇರುತ್ತದೆ. ಮೊಣಕಾಲಿಗೆ ವೈದ್ಯರು ಹೇಳಿದ್ದೂ ಇದೇ. ಬ್ಯಾಟರಿಯೂ ಹೆಚ್ಚು ದೂರ ಬರುತ್ತದೆ.

ಹೊಸದರಲ್ಲಿ ಒಂದು ಚಾರ್ಜಿಗೆ 34 ಕಿಲೋಮೀಟರು ಬರುತ್ತಿತ್ತು. ಈ ವರ್ಷ 28. ಆಷಾಢದ ಗಾಳಿಯಲ್ಲಿ 23. ದುಧನಿಗೆ ಹೋಗಿ ಬರಲು 22 ಬೇಕು. ಬರುವ ಯುಗಾದಿಗೆ ಹೊಸ ಬ್ಯಾಟರಿಯೆಂದು ಅಂಚೆ ಕಚೇರಿಯಲ್ಲಿ ತಿಂಗಳಿಗೆ ಸಾವಿರದಂತೆ ಆರ್.ಡಿ. ಕಟ್ಟುತ್ತಿದ್ದೇನೆ. ಮಗ ತಾನೇ ಕೊಡಿಸುತ್ತೇನೆ ಎಂದ. ಬೇಡ ಎಂದೆ.