ಮೀನು ತೊಟ್ಟಿಯ ಸೈಫನ್ ಕೈಕೊಟ್ಟರೆ

(ರತ್ನಗಿರಿ ಕಡೆಯ ಒಂದು ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ನೀವು ವಸುದೇವನ ಬಟ್ಟಲು ನೋಡಿದ್ದೀರಾ? ಅದೊಂದು ಹಿತ್ತಾಳೆ ಬಟ್ಟಲು. ನಡುವೆ ವಸುದೇವ ನಿಂತಿರುತ್ತಾನೆ. ಮಗು ಕೃಷ್ಣನನ್ನು ಎತ್ತಿಕೊಂಡಿರುತ್ತಾನೆ. ಬಟ್ಟಲಿಗೆ ನೀರು ಹುಯ್ಯುತ್ತಾ ಹೋಗಿ. ಯಮುನೆ ಏರಿದ ಹಾಗೆ ನೀರು ಏರುತ್ತದೆ. ಕೃಷ್ಣನ ಪಾದ ಮುಟ್ಟಿದ ಕೂಡಲೇ ನೀರೆಲ್ಲ ತಳದ ತೂತಿನಿಂದ ಸುರಿದು ಹೋಗುತ್ತದೆ. ಚಿಕ್ಕವಳಿದ್ದಾಗ ನಾನು ಅದನ್ನು ದೇವರ ಮಹಿಮೆ ಎಂದೇ ತಿಳಿದಿದ್ದೆ. ಆಮೇಲೆ ಗೊತ್ತಾಯಿತು. ಬೊಂಬೆಯ ಒಳಗೆ ಒಂದು ಬಗ್ಗಿದ ಕೊಳವೆ ಇದೆ. ಅದಕ್ಕೆ ಸೈಫನ್ ಎಂದು ಹೆಸರು.

ಟ್ರ್ಯಾಕ್ಟರಿನಿಂದ ಡೀಸೆಲ್ ತೆಗೆಯುವಾಗ ಪೈಪನ್ನು ಬಾಯಿಂದ ಎಳೆದು ಕ್ಯಾನಿಗೆ ಬಿಡುತ್ತಾರಲ್ಲ, ಅದೂ ಸೈಫನ್ನೇ. ಆದರೆ ಬಾಯಿಂದ ಎಳೆಯಬೇಡಿ. ಡೀಸೆಲ್ ಎದೆಗೂಡಿಗೆ ಇಳಿದರೆ ಜೀವಕ್ಕೇ ಅಪಾಯ.

ಇವತ್ತು ನಾನು ಹೇಳುವುದು ನಮ್ಮ ಹಿತ್ತಲಿನ ಸೈಫನ್ ಕಥೆ.

ನಮ್ಮ ಕಡೆ ಮಳೆ ಎಷ್ಟು ಎಂದು ನಿಮಗೆ ಹೇಳಬೇಕಾಗಿಲ್ಲ. ಅನಂತಪುರ ಸೀಮೆಗೆ ವರ್ಷಕ್ಕೆ ಸುಮಾರು 550 ಮಿಲಿಮೀಟರ್. 2022ರಲ್ಲಿ ನಮ್ಮ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಜಿಲ್ಲೆ ಎರಡಾದರೂ ನೀರಿನ ಕಷ್ಟ ಒಂದೇ. ಅದಕ್ಕೇ ಒಂದೇ ನೀರನ್ನು ಮತ್ತೆ ಮತ್ತೆ ತಿರುಗಿಸಿ ಸೊಪ್ಪು ಬೆಳೆಯೋಣ ಎಂದು ಹೊರಟೆವು. ಇದಕ್ಕೆ ಅಕ್ವಾಪೋನಿಕ್ಸ್ ಎನ್ನುತ್ತಾರೆ. ನಾವು ಮೀನು ತೊಟ್ಟಿ ಎನ್ನುತ್ತೇವೆ.

ಕೆಳಗೆ 500 ಲೀಟರಿನ ಟ್ಯಾಂಕು. ಅದರಲ್ಲಿ 25 ಗೆಂಡೆ ಮೀನು. ಮೇಲೆ, ಇಟ್ಟಿಗೆ ಕಟ್ಟೆಯ ಮೇಲೆ, ಉದ್ದಕ್ಕೆ ಸೀಳಿದ ಅರ್ಧ ಡ್ರಮ್ಮು. ಡ್ರಮ್ಮಿನ ತುಂಬ ಮುಕ್ಕಾಲು ಇಂಚಿನ ಜಲ್ಲಿ. ಮಣ್ಣು ಒಂದು ಹಿಡಿಯೂ ಇಲ್ಲ. ಜಲ್ಲಿಯಲ್ಲೇ ದಂಟು, ಪಾಲಕ್, ಪುದೀನ ಬೆಳೆಯುತ್ತವೆ. ಕೂಲರಿಗೆ ಹಾಕುವಂಥ ಸಣ್ಣ ಮೋಟರು ಟ್ಯಾಂಕಿನ ನೀರನ್ನು ಡ್ರಮ್ಮಿಗೆ ಎತ್ತುತ್ತದೆ. ಮೀನಿನ ಹೇಲು ಉಚ್ಚೆಯೆಲ್ಲ ಆ ನೀರಿನಲ್ಲಿರುತ್ತದೆ. ಜಲ್ಲಿಯ ಮೇಲೆ ಕಣ್ಣಿಗೆ ಕಾಣದ ಜೀವಿಗಳು ಇರುತ್ತವೆ. ಅವು ಆ ಕೊಳೆಯನ್ನು ಗಿಡಕ್ಕೆ ಗೊಬ್ಬರ ಮಾಡಿಕೊಡುತ್ತವೆ. ಕೊಳೆ ಕಳೆದ ನೀರು ಮತ್ತೆ ಮೀನಿಗೆ.

ಆ ಜೀವಿಗಳಿಗೂ ಬೇರಿಗೂ ನೀರು ಬೇಕು, ಗಾಳಿಯೂ ಬೇಕು. ಅದಕ್ಕೆ ಡ್ರಮ್ಮು ತುಂಬಬೇಕು, ಇಳಿಯಬೇಕು, ಮತ್ತೆ ತುಂಬಬೇಕು. ದಿನವಿಡೀ ನಿಂತು ಯಾರು ತೂಬು ಎತ್ತುತ್ತಾರೆ? ಆ ಕೆಲಸ ಸೈಫನ್ ಮಾಡುತ್ತದೆ.

ಡ್ರಮ್ಮಿನ ತಳದಲ್ಲಿ ಒಂದು ತೂತು. ಅದರಲ್ಲಿ ಮುಕ್ಕಾಲು ಇಂಚಿನ ಪೈಪು ನೆಟ್ಟಗೆ ನಿಂತಿದೆ. ಎತ್ತರ 8 ಇಂಚು. ಇದು ಕೆರೆಯ ಕೋಡಿ ಇದ್ದ ಹಾಗೆ. ನೀರು ಅಷ್ಟೆತ್ತರ ಬಂದರೆ ಪೈಪಿನೊಳಗೆ ಬೀಳುತ್ತದೆ. ಈ ಪೈಪಿನ ಮೇಲೆ 2 ಇಂಚಿನ ಪೈಪನ್ನು ಟೋಪಿಯಂತೆ ಕವಿಚಿದ್ದೇವೆ. ಟೋಪಿಯ ನೆತ್ತಿಗೆ ಮುಚ್ಚಳ. ಬುಡದಲ್ಲಿ ನೀರು ನುಗ್ಗಲು ನಾಲ್ಕು ಕಚ್ಚು. ಇವೆರಡರ ಸುತ್ತ ತೂತು ಕೊರೆದ 4 ಇಂಚಿನ ಪೈಪು. ಅದು ಜಲ್ಲಿಯನ್ನೂ ಬೇರನ್ನೂ ತಡೆಯುವ ಜಾಲರಿ.

ಕೆರೆ ಕೋಡಿ ಬಿದ್ದರೆ ಹೆಚ್ಚಿನ ನೀರು ಮಾತ್ರ ಹೋಗುತ್ತದೆ. ಇಲ್ಲಿ ಹಾಗಲ್ಲ. ಪೈಪಿನೊಳಗೆ ಜೋರಾಗಿ ಬೀಳುವ ನೀರು ಟೋಪಿಯೊಳಗಿನ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಒಳಗೆ ಗಾಳಿ ಕಮ್ಮಿಯಾದರೆ ಹೊರಗಿನ ಗಾಳಿ ನೀರನ್ನು ಒತ್ತಿ ಒಳಕ್ಕೆ ತಳ್ಳುತ್ತದೆ. ಗೊಳಗೊಳ ಎಂದು ಡ್ರಮ್ಮಿನ ನೀರೆಲ್ಲ ಇಳಿಯುತ್ತದೆ. ನೀರು ಬುಡದ ಕಚ್ಚಿನವರೆಗೆ ಬಂದಾಗ ಅಲ್ಲಿಂದ ಗಾಳಿ ನುಗ್ಗುತ್ತದೆ. ಗುರ್ರ್ ಎಂದು ಸದ್ದಾಗಿ ನಿಲ್ಲುತ್ತದೆ. ಮತ್ತೆ ತುಂಬಲು ಶುರು.

ಇಷ್ಟೇ ನೋಡಿ ಯಂತ್ರ. ಕರೆಂಟಿಲ್ಲ, ತಿರುಪು ಇಲ್ಲ, ಸ್ಪ್ರಿಂಗು ಇಲ್ಲ. ಆದರೂ ನಮಗೆ ಎಷ್ಟು ಆಟ ಆಡಿಸಿತು!

ಮೊದಲ ವರ್ಷ ಒಂದು ತಪ್ಪು ಮಾಡಿದೆ. ಜಾಲರಿ ಪೈಪನ್ನು ತೊಳೆಯಲು ತೆಗೆದವಳು ವಾಪಸು ಇಡಲಿಲ್ಲ. ನಾಳೆ ಇಟ್ಟರಾಯಿತು ಎಂದುಕೊಂಡೆ. ನಮ್ಮ ಹಿತ್ತಲಲ್ಲಿ ಬೇವಿನ ಮರ ಇದೆ. ಎಲೆ ಉದುರುವ ಕಾಲ. ಬೇವಿನ ಎಲೆ, ಪುದೀನದ ಬೇರು ಎರಡೂ ಸೇರಿ ಟೋಪಿಯ ಕಚ್ಚುಗಳನ್ನು ಮುಚ್ಚಿದವು. ನೀರಿಗೆ ಟೋಪಿಯೊಳಗೆ ಹೋಗಲು ದಾರಿ ಇಲ್ಲ. ರಾತ್ರಿ ಡ್ರಮ್ಮು ತುಂಬಿ ಅಂಚಿನಿಂದ ಹೊರಗೆ ಸುರಿಯಿತು. ಮೋಟರಿಗೆ ಏನು ಗೊತ್ತು? ಅದು ಟ್ಯಾಂಕಿನ ತಳದಲ್ಲಿ ಕೂತು ಎತ್ತುತ್ತಲೇ ಇತ್ತು.

ಬೆಳಿಗ್ಗೆ ನಮ್ಮತ್ತೆ ಕೂಗಿದರು. "ಅಮ್ಮಯ್ಯಾ, ಬಾರೆ ಇಲ್ಲಿ. ಹಿತ್ತಲೆಲ್ಲಾ ಕೆಸರಾಗೈತೆ!"

ಟ್ಯಾಂಕಿನಲ್ಲಿ ನಾಲ್ಕು ಬೆರಳು ನೀರಿತ್ತು. ಅದರಲ್ಲಿ ಮೀನುಗಳು ಮಗ್ಗುಲಾಗಿ ಮಲಗಿ ಬಾಯಿ ಬಿಡುತ್ತಿದ್ದವು. ಬಿಂದಿಗೆ ಬಿಂದಿಗೆ ನೀರು ತಂದು ಹಾಕಿದೆವು. 16 ಉಳಿದವು. 9 ಹೋದವು. ಬೇಸಿಗೆಯಲ್ಲಿ 400 ಲೀಟರಿಗೂ ಹೆಚ್ಚು ನೀರು ಮಣ್ಣಿನ ಪಾಲಾಯಿತು. ಅವತ್ತು ನಮ್ಮತ್ತೆ ನನ್ನ ಜೊತೆ ಮಾತಾಡಲಿಲ್ಲ.

ಆದ್ದರಿಂದ ನೀವು ತೊಟ್ಟಿ ಮಾಡಿದರೆ ಸೈಫನ್‌ಗಿಂತ ಮೊದಲು ಎರಡು ಕೆಲಸ ಮಾಡಿ. ಮೋಟರನ್ನು ಟ್ಯಾಂಕಿನ ತಳದಲ್ಲಿ ಇಡಬೇಡಿ. ಎರಡು ಇಟ್ಟಿಗೆ ಪೇರಿಸಿ, ಅದಕ್ಕಿಂತ ಇನ್ನೂ ಎತ್ತರದಲ್ಲಾದರೂ ಸರಿ, ಅಲ್ಲಿ ಇಡಿ. ಆಗ ಏನೇ ಕೆಟ್ಟರೂ ಮೋಟರಿನ ಮಟ್ಟದಿಂದ ಕೆಳಗಿನ ನೀರು ಮೀನಿಗೆ ಉಳಿಯುತ್ತದೆ. ಆದರೆ ನೀರು ಇಳಿದ ಮೇಲೆ ಮೋಟರು ಒಣಗಿ ಓಡಿ ಸುಡಬಹುದು. ಮೋಟರು ಹೋದರೆ ಹೋಗಲಿ, ಇನ್ನೊಂದು ತರಬಹುದು. ಎರಡನೆಯದು, ಡ್ರಮ್ಮಿನ ಅಂಚಿಗಿಂತ ಒಂದು ಇಂಚು ಕೆಳಗೆ ಇನ್ನೊಂದು ತೂತು ಮಾಡಿ. ಅದಕ್ಕೆ ಪೈಪು ಹಾಕಿ ಟ್ಯಾಂಕಿಗೇ ಬಿಡಿ. ಸೈಫನ್ ಪೂರ್ತಿ ಕಟ್ಟಿಕೊಂಡರೂ ನೀರು ಮನೆಯೊಳಗೇ ತಿರುಗುತ್ತದೆ. ಈ ಪೈಪಿಗೆ ಖರ್ಚು ಏನೂ ಇಲ್ಲ. ಆದರೂ ಹೆಚ್ಚಿನವರು ಹಾಕುವುದಿಲ್ಲ. ನಾನೂ ಹಾಕಿರಲಿಲ್ಲ.

ಇನ್ನೊಂದು ಮಾತು. ನೀರಿಗೆ ಕೈ ಹಾಕುವ ಮುಂಚೆ ಮೋಟರಿನ ಪ್ಲಗ್ಗು ಕಿತ್ತು ಪಕ್ಕಕ್ಕಿಡಿ. ಸ್ವಿಚ್ಚು ಆರಿಸಿದರೆ ಸಾಲದು.

ಜಾಲರಿ ವಾಪಸು ಬಂತು. ಹೊಸ ಮೀನು ಬಿಟ್ಟೆವು. ಎರಡು ತಿಂಗಳಿಗೆ ಇನ್ನೊಂದು ತೊಂದರೆ ಶುರುವಾಯಿತು. ಡ್ರಮ್ಮು ತುಂಬುತ್ತದೆ, ಆದರೆ ಇಳಿಯುವುದಿಲ್ಲ. ಕೋಡಿಯ ಮಟ್ಟದಲ್ಲಿ ನಿಂತುಬಿಡುತ್ತದೆ. ಬಂದಷ್ಟು ನೀರು ಪೈಪಿನ ಒಳಗೋಡೆ ಸವರಿಕೊಂಡು ಸಣ್ಣಗೆ ಜಾರಿ ಹೋಗುತ್ತದೆ. ದಂಟಿನ ಎಲೆ ಹಳದಿ ಆಯಿತು. ಬೇರು ಕಿತ್ತು ನೋಡಿದರೆ ಕಂದು ಬಣ್ಣ, ಕೊಳೆತ ವಾಸನೆ.

ಟೋಪಿ ಸೋರುತ್ತಿದೆ ಎಂದುಕೊಂಡೆ. ಮುಚ್ಚಳ ಬಿಗಿ ಇಲ್ಲದಿದ್ದರೆ ಗಾಳಿ ಒಳಗೆ ನುಗ್ಗುತ್ತದೆ. ಆಗ ಎಳೆತ ಹುಟ್ಟುವುದಿಲ್ಲ. ಇದನ್ನು ನೋಡುವುದು ಸುಲಭ. ಟೋಪಿಯನ್ನು ಬಾಯಿ ಕೆಳಗಾಗಿ ಹಿಡಿದು ಬಕೆಟ್ಟಿನ ನೀರಿನಲ್ಲಿ ಪೂರ್ತಿ ಅದುಮಿ. ಮುಚ್ಚಳದ ಸಂದಿನಿಂದ ಗುಳ್ಳೆ ಬಂದರೆ ಸೋರುತ್ತಿದೆ. ಪಿ.ವಿ.ಸಿ. ಅಂಟು ಹಾಕಿ. ನಮ್ಮದರಲ್ಲಿ ಗುಳ್ಳೆ ಬರಲಿಲ್ಲ. ಆದರೂ ಮೂರು ಸಲ ಬಿಚ್ಚಿದೆ, ಮೂರು ಸಲ ಜೋಡಿಸಿದೆ. ಜೋಡಿಸಿದಾಗ ಸರಿಹೋಗುತ್ತಿತ್ತು. ಮತ್ತೆ ರಾತ್ರಿ ಹೊತ್ತಿಗೆ ಅದೇ ಹಾಡು.

ಉಪಾಯ ಸಿಕ್ಕಿದ್ದು ನಮ್ಮತ್ತೆಯಿಂದ. ಅವರು ಆಗ ತಾನೇ ಅಕ್ಷರ ಕಲಿತಿದ್ದರು. ಅಂಕಿ ಬರೆಯುವ ಹುಮ್ಮಸ್ಸು ಬೇರೆ. ಸುಮ್ಮನೆ ಕೂರುವ ಬದಲು ಗೋಡೆ ಗಡಿಯಾರ ನೋಡಿ ನೋಟ್ ಬುಕ್ಕಿನಲ್ಲಿ ಎರಡು ಸಾಲು ಹಾಕಿದರು. ಒಂದು ಸಾಲಿಗೆ "ತುಂಬಿತು" ಎಂದು ಹೆಸರು. ಇನ್ನೊಂದಕ್ಕೆ "ಇಳೀತು" ಎಂದು. ನಾಲ್ಕು ದಿನ ಬರೆದರು. ಐದನೆಯ ದಿನ ನನ್ನ ಮುಂದೆ ಇಟ್ಟರು.

"ನೋಡಮ್ಮಯ್ಯಾ, ಬೆಳಗಾನ ಸರಿಯಾಗೈತೆ. ಸಂಜೆ 7 ಗಂಟೆ ಆದ್ಮೇಲೆ ಇಳೀತು ಅನ್ನೋ ಸಾಲಿನಾಗೆ ಏನೂ ಇಲ್ಲ. ನಾಕು ದಿನಾನೂ ಹಂಗೇ."

ಸಂಜೆ 7 ಗಂಟೆಗೆ ನಮ್ಮ ಬೀದಿಯಲ್ಲಿ ಏನಾಗುತ್ತದೆ? ಎಲ್ಲರ ಮನೆಯಲ್ಲೂ ದೀಪ, ಟಿವಿ, ಮಿಕ್ಸಿ ಶುರು. ವೋಲ್ಟೇಜು ಇಳಿಯುತ್ತದೆ. ಮೋಟರು ಸೊರಗುತ್ತದೆ. ಸೈಫನ್ ಕೆಟ್ಟಿರಲಿಲ್ಲ. ಅದಕ್ಕೆ ನೀರೇ ಸಾಲುತ್ತಿರಲಿಲ್ಲ.

ಅಳತೆ ಮಾಡಿದೆವು. ನೀವೂ ಮಾಡಿ. 10 ಲೀಟರಿನ ಬಕೆಟ್ಟನ್ನು ಮೋಟರಿನ ಪೈಪಿಗೆ ಹಿಡಿಯಿರಿ. ತುಂಬಲು ಎಷ್ಟು ಹೊತ್ತು ಬೇಕು ಎಂದು ನೋಡಿ. ನಮ್ಮದು ಬೆಳಿಗ್ಗೆ 2 ನಿಮಿಷಕ್ಕೆ ತುಂಬಿತು. ಅಂದರೆ ನಿಮಿಷಕ್ಕೆ 5 ಲೀಟರ್. ಸಂಜೆ 3 ನಿಮಿಷ 20 ಸೆಕೆಂಡು ಹಿಡಿಯಿತು. ಅಂದರೆ ನಿಮಿಷಕ್ಕೆ ಮೂರೇ ಲೀಟರ್.

ನಮ್ಮ ಡ್ರಮ್ಮಿಗೆ ಕೋಡಿಯವರೆಗೆ 30 ಲೀಟರ್ ಹಿಡಿಯುತ್ತದೆ. ಉಳಿದ ಜಾಗವೆಲ್ಲ ಜಲ್ಲಿಯದು. ನಿಮಿಷಕ್ಕೆ 5 ಲೀಟರ್ ಬಂದರೆ 6 ನಿಮಿಷಕ್ಕೆ ತುಂಬುತ್ತದೆ. ಸೈಫನ್ ನಿಮಿಷಕ್ಕೆ 15 ಲೀಟರ್ ಎಳೆಯುತ್ತದೆ. ಎಳೆಯುವಾಗಲೂ ಮೋಟರು 5 ಲೀಟರ್ ಹಾಕುತ್ತಿರುತ್ತದೆ. 15ರಲ್ಲಿ 5 ಕಳೆದರೆ 10. ಆದ್ದರಿಂದ 3 ನಿಮಿಷಕ್ಕೆ ಖಾಲಿ. ಈ ಲೆಕ್ಕವನ್ನು ನಿಮ್ಮ ತೊಟ್ಟಿಗೂ ಹಾಕಿ ಇಟ್ಟುಕೊಳ್ಳಿ. ಚೆನ್ನಾಗಿದ್ದಾಗ ಎಷ್ಟು ನಿಮಿಷ ಎಂದು ಬರೆದಿಟ್ಟರೆ, ಕೆಟ್ಟಾಗ ಎಲ್ಲಿ ಕೆಟ್ಟಿದೆ ಎಂದು ಹುಡುಕುವುದು ಸುಲಭ.

ವೋಲ್ಟೇಜು ನಮ್ಮ ಕೈಲಿ ಇಲ್ಲ. ಕಮ್ಮಿ ನೀರಿಗೂ ಸೈಫನ್ ಶುರುವಾಗುವ ಹಾಗೆ ಮಾಡಿದೆವು. ನಿಂತ ಪೈಪಿನ ತುದಿಗೆ ಒಂದು ರೆಡ್ಯೂಸರ್ ಕೂರಿಸಿದೆವು. ದೊಡ್ಡ ಬಾಯಿ ಮೇಲಕ್ಕೆ, ಆಲಿಕೆಯ ಹಾಗೆ. ಟೋಪಿಗೆ ತಾಗದಂತೆ ಸುತ್ತ ಜಾಗ ಬಿಟ್ಟೆವು. ಇದರಿಂದ ನೀರು ಗೋಡೆ ಸವರುವ ಬದಲು ಒಟ್ಟಾಗಿ ಬಿದ್ದು ಪೈಪು ತುಂಬಿಕೊಳ್ಳುತ್ತದೆ. ಕೆಳಗೆ ಟ್ಯಾಂಕಿಗೆ ಬೀಳುವ ಪೈಪಿಗೆ ಒಂದು ಬೆಂಡು ಹಾಕಿದೆವು. ಬೆಂಡಿನಲ್ಲಿ ನೀರು ಒಂದು ಗಳಿಗೆ ತಡೆದು ಪೈಪಿನ ಬಾಯಿ ಮುಚ್ಚುತ್ತದೆ. ಎಳೆತ ಬೇಗ ಹುಟ್ಟುತ್ತದೆ. ಆದರೆ ಆ ಪೈಪಿನ ತುದಿ ಟ್ಯಾಂಕಿನ ನೀರಿನೊಳಗೆ ಮುಳುಗಬಾರದು. ಮುಳುಗಿದರೆ ಗಾಳಿ ಹೊರಗೆ ಹೋಗಲು ಒದ್ದಾಡುತ್ತದೆ. ಅಲ್ಲದೆ ಮೇಲಿಂದ ಬಿದ್ದ ನೀರಿನಿಂದ ಮೀನಿಗೆ ಗಾಳಿಯೂ ಸಿಗುತ್ತದೆ.

ಇಂಥ ಕೆಲಸವನ್ನು ಬಹಳ ದೇಶಗಳಲ್ಲಿ ಮಾಡುತ್ತಾರೆ. ಹವಾಯಿ ವಿಶ್ವವಿದ್ಯಾಲಯ 2010ರಲ್ಲಿ ಹಿತ್ತಲ ತೊಟ್ಟಿಯ ಸೈಫನ್ ಮಾಡುವ ಬಗೆಯನ್ನೇ ಬರೆದು ಹಂಚಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಸಣ್ಣ ಮೀನು ತೊಟ್ಟಿಗಳ ಬಗ್ಗೆ ದೊಡ್ಡ ಪುಸ್ತಕ ತಂದಿತು.

ಇದಕ್ಕೆ ತಿರುಗುಮುರುಗಾದ ರೋಗವೂ ಉಂಟು. ಸೈಫನ್ ಶುರುವಾಗುತ್ತದೆ, ಆದರೆ ನಿಲ್ಲುವುದಿಲ್ಲ. ನೀರು ತಳದಲ್ಲೇ ಗುರುಗುಟ್ಟುತ್ತಾ ಇರುತ್ತದೆ. ಡ್ರಮ್ಮು ಮತ್ತೆ ತುಂಬುವುದೇ ಇಲ್ಲ. ಮೇಲಿನ ಬೇರು ಬಿಸಿಲಿಗೆ ಒಣಗುತ್ತದೆ. ಮೋಟರಿನ ನೀರು ಹೆಚ್ಚಾಗಿದ್ದರೆ ಹೀಗಾಗುತ್ತದೆ. ವಾಲ್ವು ತುಸು ತಿರುಗಿಸಿ ಕಮ್ಮಿ ಮಾಡಿ. ಅದಕ್ಕೂ ಬಗ್ಗದಿದ್ದರೆ ನಮ್ಮ ಕಡೆ ಅಡಿಕೆ ತೋಟದವರ ಮನೆಯಲ್ಲಿ ಡ್ರಿಪ್ಪಿನ ಸಣ್ಣ ಟ್ಯೂಬಿನ ತುಂಡು ಬಿದ್ದಿರುತ್ತದೆ, ತನ್ನಿ. ಟೋಪಿಯ ನೆತ್ತಿಗೆ ಸಣ್ಣ ತೂತು ಮಾಡಿ ಟ್ಯೂಬಿನ ಒಂದು ತುದಿ ಸಿಕ್ಕಿಸಿ. ಗಾಳಿ ಆಡದಂತೆ ಅಂಟು ಹಾಕಿ. ಇನ್ನೊಂದು ತುದಿಯನ್ನು ಟೋಪಿಯ ಹೊರಗಿನಿಂದ ಕೆಳಗೆ ತಂದು ಕಚ್ಚಿಗಿಂತ ಸ್ವಲ್ಪ ಮೇಲೆ ಕಟ್ಟಿ. ನೀರು ಆ ತುದಿಗಿಂತ ಕೆಳಗೆ ಇಳಿದ ಕೂಡಲೇ ಟ್ಯೂಬು ಗಾಳಿ ಎಳೆದು ನೆತ್ತಿಗೆ ಬಿಡುತ್ತದೆ. ಸೈಫನ್ ಕಡಿದುಹೋಗುತ್ತದೆ.

ಇಳಿಯುವ ಹೊತ್ತು ದಿನ ದಿನಕ್ಕೆ ಹೆಚ್ಚುತ್ತಾ ಹೋದರೆ, 3 ನಿಮಿಷದ್ದು 4 ಆಗಿ, 5 ಆದರೆ, ಪೈಪಿನಲ್ಲಿ ಬೇರೋ ಪಾಚಿಯೋ ಸೇರಿದೆ. ಪುದೀನ, ಟೊಮೆಟೊ ಇವನ್ನು ಟೋಪಿಯಿಂದ ದೂರ ನೆಡಿ. ಪುದೀನದ ಬೇರಿಗೆ ನಾಚಿಕೆ ಇಲ್ಲ, ಎಲ್ಲಿ ತೂತು ಕಂಡರೂ ನುಗ್ಗುತ್ತದೆ. ನಮ್ಮ ಬೋರಿನ ನೀರು ಗಡಸು. ಕಚ್ಚಿನ ಮೇಲೆ ಬಿಳಿ ಹೊಪ್ಪಳೆ ಕಟ್ಟುತ್ತದೆ. ಟೋಪಿಯನ್ನು ತೆಗೆದು ನಿಂಬೆರಸದ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಉಜ್ಜಿ, ಚೆನ್ನಾಗಿ ತೊಳೆದು ಇಡಿ. ಸೋಪು ಹಾಕಬೇಡಿ. ಮೀನಿಗೆ ಆಗದು.

ಜಲ್ಲಿಯನ್ನೂ ನೋಡಿ ತನ್ನಿ. ಕಲ್ಲಿನ ಮೇಲೆ ನಿಂಬೆರಸ ಹಿಂಡಿ. ನೊರೆ ಬಂದರೆ ಅದರಲ್ಲಿ ಸುಣ್ಣ ಇದೆ, ಬೇಡ.

ನಾವು ಭಾನುವಾರ ಬೆಳಿಗ್ಗೆ ಟೋಪಿ ಎತ್ತಿ ತೊಳೆಯುತ್ತೇವೆ. ನೋಡಬೇಕೆನ್ನುವವರು ಬನ್ನಿ. ಬರುವಾಗ ಒಂದು ಬಕೆಟ್ಟು, ಒಂದು ನೋಟ್ ಬುಕ್ಕು ತನ್ನಿ. ಸಾಲು ಹಾಕುವುದನ್ನು ನಮ್ಮತ್ತೆ ತೋರಿಸುತ್ತಾರೆ.