ಹಳೆಯ ಗಣಕಯಂತ್ರಕ್ಕೆ ಮೆಮೊರಿ: ಕೊಳ್ಳುವ ಮುನ್ನ ತಿಳಿಯಬೇಕಾದುದು



ಮಲೆನಾಡಿನ ಶಾಲೆ, ಸಹಕಾರ ಸಂಘ ಹಾಗೂ ಮನೆಗಳಲ್ಲಿ ಹತ್ತು ಹನ್ನೆರಡು ವರ್ಷಗಳ ಹಿಂದೆ ಕೊಂಡ ಗಣಕಯಂತ್ರಗಳು ಇಂದಿಗೂ ಇವೆ. ಯಂತ್ರ ನಿಧಾನವಾದೊಡನೆ ಅದರ ಕಾಲ ಮುಗಿಯಿತೆಂದು ತೀರ್ಮಾನಿಸುವುದು ರೂಢಿ. ಮೊದಲು ಮೂಲೆ, ಅನಂತರ ಗುಜರಿ. ವಿಶ್ವಸಂಸ್ಥೆಯ ವರದಿಯಂತೆ 2022ರಲ್ಲಿ ಜಗತ್ತು ಸೃಷ್ಟಿಸಿದ ವಿದ್ಯುನ್ಮಾನ ತ್ಯಾಜ್ಯ 6.2 ಕೋಟಿ ಟನ್. ಕ್ರಮಬದ್ಧವಾಗಿ ಸಂಗ್ರಹವಾಗಿ ಸಂಸ್ಕರಣೆಗೊಂಡಿದ್ದು ಅದರ ಶೇ. 22.3 ಭಾಗ ಮಾತ್ರ. ಉಳಿದುದರಲ್ಲಿ ಬಹಳಷ್ಟು ಸುಡುವವರ, ಆಮ್ಲದಲ್ಲಿ ಅದ್ದಿ ಲೋಹ ತೆಗೆಯುವವರ ಕೈಸೇರಿ ನೆಲ ಜಲಗಳನ್ನು ಕೆಡಿಸುತ್ತದೆ. ಆದ್ದರಿಂದ ಒಂದು ಯಂತ್ರವನ್ನು ಇನ್ನೈದು ವರ್ಷ ದುಡಿಸುವುದೂ ಪರಿಸರದ ಕೆಲಸವೇ ಆಗಿದೆ.

ಹಾರ್ಡ್ ಡಿಸ್ಕ್ ಮನೆಯ ಅಟ್ಟವಿದ್ದಂತೆ. ಮೆಮೊರಿ, ಅಂದರೆ ರ‍್ಯಾಮ್, ಕೆಲಸ ನಡೆಯುವ ಜಗಲಿಯಿದ್ದಂತೆ. ಜಗಲಿ ಕಿರಿದಾದರೆ ಪ್ರತಿಯೊಂದಕ್ಕೂ ಅಟ್ಟ ಹತ್ತಿ ಇಳಿಯಬೇಕು. ಯಂತ್ರ ತಡವರಿಸುವುದು ಹೀಗೆಯೇ. ಆದರೆ ಕೊರತೆ ಮೆಮೊರಿಯದೇ ಎಂಬುದು ಮೊದಲು ಖಚಿತವಾಗಬೇಕು. ನಿತ್ಯದ ಕೆಲಸ ನಡೆಯುತ್ತಿರುವಾಗ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಮೆಮೊರಿ ಎಷ್ಟು ತುಂಬಿದೆ ಎಂಬುದು ಕಾಣುತ್ತದೆ. ಅದು ಅರ್ಧವೂ ತುಂಬಿರದಿದ್ದರೆ ಹೊಸ ಮೆಮೊರಿಗೆ ಹಾಕಿದ ಹಣ ವ್ಯರ್ಥ. ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕುವುದು ಲೇಸು.

ಯಾವ ಮೆಮೊರಿ ಎಂಬುದನ್ನು ನಿರ್ಧರಿಸುವುದು ಅಂಗಡಿಯಲ್ಲ, ಯಂತ್ರದೊಳಗಿನ ಮದರ್‌ಬೋರ್ಡ್. ಡಿಡಿಆರ್2 ಮತ್ತು ಡಿಡಿಆರ್3 ಪಟ್ಟಿಗಳೆರಡಕ್ಕೂ 240 ಪಿನ್‌ಗಳಿವೆ, ನೋಟಕ್ಕೆ ಒಂದೇ. ಆದರೆ ಅಂಚಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ವಿದ್ಯುತ್ತೂ ಬೇರೆ, ಮೊದಲನೆಯದಕ್ಕೆ 1.8 ವೋಲ್ಟ್, ಎರಡನೆಯದಕ್ಕೆ 1.5. ಡಿಡಿಆರ್4ಕ್ಕೆ 288 ಪಿನ್, 1.2 ವೋಲ್ಟ್. ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದಿಲ್ಲ. ಬಲವಂತ ಮಾಡಿದರೆ ಬೋರ್ಡೇ ಹಾಳಾದೀತು. ಹಳೆಯ ಪಟ್ಟಿಯನ್ನು ಬಿಚ್ಚಿ ಅಂಗಡಿಗೆ ಒಯ್ಯುವುದೇ ಸುರಕ್ಷಿತ ಮಾರ್ಗ. ಬೋರ್ಡಿನ ಮೇಲೆ ಅಚ್ಚಾದ ಮಾದರಿ ಸಂಖ್ಯೆಯನ್ನೂ ಬರೆದುಕೊಳ್ಳಬೇಕು.

ಒಂದು ಉದಾಹರಣೆ. 2011ರಲ್ಲಿ ಬಂದ ಇಂಟೆಲ್ ಎಚ್61 ಚಿಪ್‌ಸೆಟ್ಟಿನ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಎರಡು ಡಿಡಿಆರ್3 ಸ್ಲಾಟುಗಳಿರುತ್ತವೆ. ಗರಿಷ್ಠ ಮಿತಿ 16 ಜಿಬಿ. ಅಂಥ ಯಂತ್ರದಲ್ಲಿ 2 ಜಿಬಿಯ ಒಂದೇ ಪಟ್ಟಿ ಇದೆಯೆನ್ನೋಣ. ಜೊತೆಗೆ 4 ಜಿಬಿ ಸೇರಿಸಿದರೆ 6 ಆಗಿ ಕೆಲಸ ನಡೆಯುತ್ತದೆ. 4 ಜಿಬಿಯ ಸಮಾನವಾದ ಎರಡು ಪಟ್ಟಿ ಹಾಕಿದರೆ ಅವು ಜೋಡೆತ್ತುಗಳಂತೆ ಒಟ್ಟಾಗಿ ದುಡಿಯುತ್ತವೆ. ಬರವಣಿಗೆ, ಲೆಕ್ಕಪತ್ರ, ಅಂತರ್ಜಾಲಗಳಿಗೆ 8 ಜಿಬಿ ಸಾಕು. ಹೆಚ್ಚಿನ ವೇಗದ ಪಟ್ಟಿಗೆ ಹೆಚ್ಚು ಹಣ ಕೊಡಬೇಕಿಲ್ಲ: ಬೋರ್ಡು, ಪ್ರೊಸೆಸರುಗಳ ಮಿತಿ 1333 ಆಗಿದ್ದರೆ 1600ರ ಪಟ್ಟಿಯೂ 1333ರಲ್ಲೇ ಓಡುತ್ತದೆ. ಸರ್ವರಿನಿಂದ ತೆಗೆದ ರಿಜಿಸ್ಟರ್ಡ್ ಪಟ್ಟಿಗಳು ಅಗ್ಗವಾಗಿ ದೊರೆತರೂ ಸಾಮಾನ್ಯ ಯಂತ್ರದಲ್ಲಿ ನಡೆಯುವುದಿಲ್ಲ. ‘ಎಎಂಡಿಗೆ ಮಾತ್ರ’ ಎಂದು ಮಾರುವ ಪಟ್ಟಿಗಳು ಇಂಟೆಲ್ ಬೋರ್ಡಿಗೆ ಒಗ್ಗುವುದಿಲ್ಲ.

ಇನ್ನೊಂದು ಎಚ್ಚರಿಕೆ. 32 ಬಿಟ್ ವಿಂಡೋಸ್ ಇದ್ದರೆ 4 ಜಿಬಿಗಿಂತ ಹೆಚ್ಚಿನದು ಬಳಕೆಗೆ ಬಾರದು. 64 ಬಿಟ್ ಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ವಿಂಡೋಸ್ 11ರ ಅರ್ಹತೆ ಈ ಯಂತ್ರಗಳಿಗಿಲ್ಲ. ಉಚಿತವಾಗಿ ದೊರೆಯುವ ಲಿನಕ್ಸ್ ಇಂಥ ಯಂತ್ರಕ್ಕೆ ಸೂಕ್ತ ಆಸರೆ.

ಮಲೆನಾಡಿನ ಮಳೆಗಾಲದ ತೇವಕ್ಕೆ ಪಟ್ಟಿಯ ಅಂಚು ಮಂಕಾಗಿ, ಯಂತ್ರ ಬೀಪ್ ಎನ್ನುತ್ತಾ ನಿಲ್ಲುವುದುಂಟು. ವಿದ್ಯುತ್ ತಂತಿ ಕಿತ್ತು, ಪೆಟ್ಟಿಗೆಯ ಲೋಹವನ್ನೊಮ್ಮೆ ಮುಟ್ಟಿ, ಪಟ್ಟಿಯ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೃದುವಾಗಿ ಒರೆಸಿ ಮತ್ತೆ ಕೂರಿಸಿದರೆ ಎಷ್ಟೋ ವೇಳೆ ಕೊಳ್ಳುವ ಅಗತ್ಯವೇ ಬೀಳದು. ಬಳಸಿದ ಪಟ್ಟಿಯನ್ನು ಕೊಳ್ಳುವವರು, ಹೊಂದದಿದ್ದರೆ ಹಿಂದಿರುಗಿಸುವ ಮಾತನ್ನು ರಸೀದಿಯಲ್ಲಿ ಬರೆಸಿಕೊಳ್ಳಬೇಕು. ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶದಿಂದ ಒಂದು ರಾತ್ರಿ ಪರೀಕ್ಷಿಸಬೇಕು. ಘಟ್ಟ ಇಳಿದು ಪೇಟೆಗೆ ಎರಡನೆಯ ಬಾರಿ ಹೋಗುವ ಬಸ್ ಖರ್ಚು ಕಡಿಮೆಯದಲ್ಲ.

ಎಲ್ಲ ಯಂತ್ರಗಳೂ ಉಳಿಯಲಾರವು. ಡಿಡಿಆರ್ ಮೊದಲ ಪೀಳಿಗೆಯ ಯಂತ್ರಕ್ಕೆ ಹಣ ಹಾಕುವುದು ವಿವೇಕವಲ್ಲ. ಹಾಗೆ ಕೊನೆಗಂಡದ್ದನ್ನು, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಸಂಸ್ಕರಣಕಾರರಿಗೇ ತಲುಪಿಸಬೇಕು. ಬಿಚ್ಚಿದ 2 ಜಿಬಿ ಪಟ್ಟಿ ಮಾತ್ರ ಕಸವಲ್ಲ. ಪಕ್ಕದ ಊರಿನ ಶಾಲೆಯ ಯಂತ್ರದಲ್ಲಿ ಖಾಲಿ ಸ್ಲಾಟ್ ಇದ್ದೀತು. ಕೇಳಿ ನೋಡಿ.